ತೆರೆಯ ಮೇಲಿನ ಪೆಟ್ಟು

ಕಳೆದ ಆಟಿಯಲ್ಲಿ ಬಂಟ್ವಾಳ ತಾಲೂಕಿನ ಒಂದು ಹಳ್ಳಿಮನೆಯಲ್ಲಿ ಎರಡು ದಿನ ತಂಗಬೇಕಾಗಿ ಬಂದಿತು. ಹೊರಗೆ ಎಡೆಬಿಡದ ಮಳೆ. ಚಾವಡಿಯಲ್ಲಿ ನಾಲ್ಕೈದು ಮಂದಿ ಹೆಂಗಸರು ಮಡಿಲಲ್ಲಿ ತಡಪೆ ಇರಿಸಿಕೊಂಡು ಬೀಡಿ ಕಟ್ಟುತ್ತಿದ್ದರು. ಎದುರಿನ ಟೆಲಿವಿಷನ್ನಿನಲ್ಲಿ ಹಳೆಯ ಕನ್ನಡ ಚಿತ್ರವೊಂದು ಓಡುತ್ತಿತ್ತು. ಮಾತಿಗೆ ಮಾತು ಬೆಳೆಸಿದ ಹೆಂಡತಿಯ ಕೆನ್ನೆಗೆ ಗಂಡ ಒಂದು ಬಿಗಿದನು. ಚಾವಡಿಯಲ್ಲಿ ನಗೆಯೆದ್ದಿತು. "ಅವಳಿಗೆ ಅದು ಬೇಕಿತ್ತು" ಎಂದಳು ಒಬ್ಬಳು. ನಗದೆ ಇದ್ದವಳು ಒಬ್ಬಳೇ. ಅವಳ ಕೈ ಒಂದು ಕ್ಷಣ ನಿಂತು, ಮತ್ತೆ ಎಲೆಯನ್ನು ಸುರುಳಿ ಸುತ್ತತೊಡಗಿತು. ಮೊದಲು ನಾನೂ ನಕ್ಕಿದ್ದೆನೆಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಈ ನಗೆ ನಮಗೆ ಬಂದುದು ಎಲ್ಲಿಂದ? ಗಯ್ಯಾಳಿ ಹೆಣ್ಣನ್ನು ಗಂಡನು ಪಳಗಿಸುವ ಕಥೆ ಬಹಳ ಹಳೆಯದು. ಷೇಕ್ಸ್‌ಪಿಯರನ ನಾಟಕದಲ್ಲಿ ಪೆಟ್ರೂಷಿಯೋ ತನ್ನ ಹೆಂಡತಿಗೆ ಒಂದು ಏಟನ್ನೂ ಕೊಡುವುದಿಲ್ಲ. ಅನ್ನ ತಪ್ಪಿಸುತ್ತಾನೆ, ನಿದ್ದೆ ಕೆಡಿಸುತ್ತಾನೆ, ಎಲ್ಲವೂ ಅವಳ ಮೇಲಣ ಪ್ರೀತಿಯಿಂದಲೇ ಎನ್ನುತ್ತಾನೆ. ಪರ್ವತವಾಣಿಯವರು ಅದನ್ನು 'ಬಹದ್ದೂರ್ ಗಂಡ'ನನ್ನಾಗಿ ಕನ್ನಡ ರಂಗಭೂಮಿಗೆ ತಂದರು. 1989ರಲ್ಲಿ ಅದೇ ಎಳೆ 'ನಂಜುಂಡಿ ಕಲ್ಯಾಣ'ವಾಗಿ ತೆರೆಗೆ ಬಂದಾಗ ನಾಡಿಗೆ ನಾಡೇ ಮೆಚ್ಚಿ ನೋಡಿತು. ಇಂತಹ ಚಿತ್ರಗಳಲ್ಲಿ ಹೆಣ್ಣಿನ ಗರ್ವವನ್ನು ಮೊದಲರ್ಧದಲ್ಲಿ ಎಷ್ಟು ಉಬ್ಬಿಸಿ ತೋರಿಸುತ್ತಾರೆಂದರೆ, ಉತ್ತರಾರ್ಧದಲ್ಲಿ ಅವಳಿಗೆ ಏನಾದರೂ ಅದು ನ್ಯಾಯವೆಂದೇ ಪ್ರೇಕ್ಷಕನಿಗೆ ತೋರುತ್ತದೆ. ಆದರೆ ಅನ್ನ ನಿದ್ದೆಗಳನ್ನು ತಪ್ಪಿಸುವುದನ್ನು 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾನೂನು ಹಾಸ್ಯವೆಂದು ಬಗೆಯುವುದಿಲ್ಲ. ಮೈಗೆ ಮಾಡಿದ ನೋವಿನ ಜೊತೆಗೆ ಮಾತಿನ, ಮನಸ್ಸಿನ, ಹಣಕಾಸಿನ ಪೀಡನೆಯನ್ನೂ ಅದು ಹಿಂಸೆಯೆಂದೇ ಕರೆದಿದೆ.

ನಗಿಸುವ ಚಿತ್ರಗಳು ಮಾತ್ರವೇ ನಮ್ಮಲ್ಲಿ ಬಂದಿವೆಯೆಂದು ಹೇಳಿದರೆ ಅನ್ಯಾಯವಾದೀತು. ತ್ರಿವೇಣಿಯವರ ಕಾದಂಬರಿಯನ್ನಾಧರಿಸಿ ಪುಟ್ಟಣ್ಣ ಕಣಗಾಲರು 1971ರಲ್ಲಿ ತೆಗೆದ 'ಶರಪಂಜರ'ದಲ್ಲಿ, ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಗಂಡನ ಸಂಶಯವೂ ನೆರೆಹೊರೆಯ ನೋಟವೂ ಕೂಡಿ ಮತ್ತೆ ಹುಚ್ಚಿಗೆ ದೂಡುತ್ತವೆ. ಕಲ್ಪನಾ ಅವರ ಅಭಿನಯವನ್ನು ನಾವು ಹೊಗಳಿದೆವು. ಆ ಗಂಡನ ಹೆಸರೇನೆಂದು ಕೇಳಿದರೆ ಎಷ್ಟು ಮಂದಿಗೆ ನೆನಪಾದೀತು?

ಗಿರೀಶ ಕಾರ್ನಾಡರ ನಾಟಕದಿಂದ ನಾಗಾಭರಣರು 1997ರಲ್ಲಿ ರೂಪಿಸಿದ 'ನಾಗಮಂಡಲ'ವಂತೂ ಇನ್ನೂ ತೊಡಕಿನದು. ಅಪ್ಪಣ್ಣ ಹೆಂಡತಿಯನ್ನು ಮನೆಯೊಳಗಿಟ್ಟು ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಮನೆಯೇ ಸೆರೆಮನೆಯಾಗುವುದನ್ನು ಇಷ್ಟು ನೇರವಾಗಿ ಕನ್ನಡದಲ್ಲಿ ತೋರಿಸಿದ ಕಥೆಗಳು ಹೆಚ್ಚಿಲ್ಲ. ಆದರೂ ಪಂಚಾಯತಿ ಸೇರುವುದು ರಾಣಿಯ ಶೀಲವನ್ನು ವಿಚಾರಿಸುವುದಕ್ಕೆ, ಬೀಗ ಹಾಕಿದವನನ್ನು ವಿಚಾರಿಸುವುದಕ್ಕಲ್ಲ. ನಾಗದಿವ್ಯದಲ್ಲಿ ಗೆದ್ದು ಅವಳು ದೇವಿಯೆನಿಸಿಕೊಳ್ಳುತ್ತಾಳೆ. ಬನಬನದಲ್ಲಿ ನಾಗನಿಗೆ ತನು ಎರೆಯುವ ನಮ್ಮೂರಿನವರಿಗೆ ಅದು ಮೈನವಿರೇಳಿಸುವ ದೃಶ್ಯ, ನಿಜ. ಆದರೆ ಹಾವು ಹಿಡಿಯಲಾರದ ಸಾಮಾನ್ಯ ಹೆಂಗಸಿನ ಗತಿಯೇನು? ಕಾರ್ನಾಡರಿಗೆ ಈ ವ್ಯಂಗ್ಯ ತಿಳಿದಿತ್ತೆಂದು ನನ್ನ ನಂಬಿಕೆ. ಪ್ರೇಕ್ಷಕರು ಮಾತ್ರ ಪವಾಡಕ್ಕೆ ಕೈಮುಗಿದು ಎದ್ದು ಬಂದರು.

ಪಳಗಿದ ಹೆಂಡತಿ, ಹುಚ್ಚಿ, ದೇವಿ. ತೆರೆ ಅವಳಿಗೆ ಕೊಟ್ಟಿರುವ ದಾರಿಗಳು ಇಷ್ಟೆ. ಹೊರಟು ಹೋಗುವವಳು ಸಿಗುವುದು ಅಪರೂಪ. ಆದರೆ ಈ ನೆಲದ ಹಾಡಿನಲ್ಲಿ ಅವಳು ಎಂದೋ ಹೊರಟು ಹೋಗಿದ್ದಾಳೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಡನೆ 1990ರಲ್ಲಿ ದಾಖಲಿಸಿಕೊಂಡರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲುಗಳ ಮಹಾಕಾವ್ಯ. ಅದರಲ್ಲಿ ಗಂಡ ಕಾಂತು ಪೂಂಜ, ಬಸುರಿ ಸಿರಿಯ ಬಯಕೆಗೆಂದು ತಂದ ಸೀರೆಯನ್ನು ಮೊದಲು ಸೂಳೆ ಸಿದ್ದುವಿಗೆ ಉಡಿಸುತ್ತಾನೆ. ಪೆಟ್ಟಿಲ್ಲ, ಬೈಗುಳಿಲ್ಲ, ಒಂದು ಸೀರೆ ಅಷ್ಟೆ. ಸಿರಿ ಅದನ್ನು ತುಂಬಿದ ಸಭೆಯಲ್ಲಿ ಬೇಡವೆನ್ನುತ್ತಾಳೆ. ಮುಂದೆ ಗಂಡನಿಂದ ತಾನೇ ಬಿಡುಗಡೆ ಪಡೆದು, ಕೂಸನ್ನೆತ್ತಿಕೊಂಡು ನಡೆಯುತ್ತಾಳೆ. ಇನ್ನೊಂದು ಮದುವೆಯನ್ನೂ ಆಗುತ್ತಾಳೆ. ಸಿರಿಜಾತ್ರೆಯಲ್ಲಿ ಹಿಂಗಾರ ಹಿಡಿದು ಆವೇಶಗೊಳ್ಳುವ ಹೆಂಗಸರು ಕರೆಯುವುದು ಈ ಬಿಟ್ಟು ಬಂದವಳನ್ನೇ. 2020ರಲ್ಲಿ 'ಥಪ್ಪಡ್' ಎಂಬ ಹಿಂದಿ ಚಿತ್ರದ ಗೃಹಿಣಿ ಒಂದೇ ಒಂದು ಪೆಟ್ಟಿಗಾಗಿ ವಿಚ್ಛೇದನ ಕೇಳಿದಾಗ, ಇದೇನು ಅತಿರೇಕವೆಂದು ನಮ್ಮ ವಿದ್ಯಾವಂತರೇ ಗೊಣಗಿದ್ದನ್ನು ಕೇಳಿದ್ದೇನೆ. ಅವರಲ್ಲಿ ಪಾಡ್ದನವನ್ನು ಪಾಠ ಹೇಳುವವರೂ ಇದ್ದರು!

ಸಿರಿಯ ಧೈರ್ಯದ ಹಿಂದೆ ಅಳಿಯಕಟ್ಟು ಇತ್ತೆಂಬುದನ್ನು ಮರೆಯಲಾಗದು. ಮೂಡುಬಿದಿರೆಯ ಚೌಟರ ಅರಮನೆಯಿಂದ ಮೊದಲ್ಗೊಂಡು ಬಂಟರ, ಜೈನರ, ಬಿಲ್ಲವರ ಮನೆಗಳವರೆಗೆ ಆಸ್ತಿ ತಾಯಿಯ ಕವಲಿನಲ್ಲಿ ಇಳಿಯುತ್ತಿತ್ತು. ಹೆಣ್ಣಿಗೆ ಗಂಡನ ಮನೆ ಹೋದರೆ ಹುಟ್ಟಿದ ಮನೆ ಇತ್ತು. ಅಲ್ಲಿಯೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನದೇ. ಅದನ್ನು ಸ್ವರ್ಗವೆಂದು ಬಣ್ಣಿಸಲು ನಾನು ಸಿದ್ಧಳಿಲ್ಲ. 1949ರ ಅಳಿಯಸಂತಾನ ಕಾನೂನು, 1956ರ ಹಿಂದೂ ಉತ್ತರಾಧಿಕಾರ ಕಾನೂನುಗಳ ಬಳಿಕ ಕುಟುಂಬಗಳು ಪಾಲಾದವು. ನಾವೂ ಕ್ರಮೇಣ ಸಿನೆಮಾದ ಸಂಸಾರಗಳಂತೆಯೇ ಸಂಸಾರ ಹೂಡಿದೆವು.

ಆ ಚಾವಡಿಯ ನಗೆ ಆ ಚಾವಡಿಯದು ಮಾತ್ರವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹೇಳದೆ ಹೊರಗೆ ಹೋದರೆ, ಅಡಿಗೆ ಕೆಟ್ಟರೆ, ಎದುರು ಮಾತಾಡಿದರೆ ಎಂದು ಏಳು ಕಾರಣಗಳನ್ನು ಮುಂದಿಟ್ಟು, ಹೊಡೆಯುವುದು ಸರಿಯೇ ಎಂದು ಕೇಳಿದ್ದರು. ಒಂದಲ್ಲ ಒಂದು ಕಾರಣಕ್ಕೆ ಸರಿಯೆಂದವರು ಕರ್ನಾಟಕದ ಗಂಡಸರಲ್ಲಿ ನೂರಕ್ಕೆ 82ರಷ್ಟು, ಹೆಂಗಸರಲ್ಲಿ 77ರಷ್ಟು. ಚಲಚ್ಚಿತ್ರವೇ ಇದಕ್ಕೆ ಕಾರಣವೆಂದು ನಾನು ಹೇಳೆನು. ಆದರೆ ಈ ಒಪ್ಪಿಗೆಯ ಮೇಲೆ ಎಷ್ಟೋ ಚಿತ್ರಗಳು ಗಲ್ಲಾಪೆಟ್ಟಿಗೆ ತುಂಬಿಕೊಂಡಿವೆ.

ಅಂದು ಸಂಜೆ, ಬ್ರಾಂಚಿಗೆ ಬೀಡಿ ಕೊಡಲು ಹೊರಟ ಆ ನಗದ ಹೆಂಗಸು ಜಗಲಿಯಲ್ಲಿ ನನ್ನ ಬಳಿ ನಿಂತಳು. "ಟೀಚರೇ, ಆ ಸಿನೆಮಾದ ಹುಡುಗಿಗೆ ತಾಯಿಮನೆ ಇರಲಿಲ್ಲವಾ?" ಎಂದು ಕೇಳಿದಳು.

ನೆನಪಿಸಿಕೊಂಡೆ. ಮೊದಲ ದೃಶ್ಯದಲ್ಲಿ ದೊಡ್ಡ ಮನೆಯೇ ಇತ್ತು. ಮದುವೆಯ ಬಳಿಕ ಅದು ಒಮ್ಮೆಯೂ ಕಾಣಿಸಲಿಲ್ಲ.

"ಇತ್ತು. ಮತ್ತೆ ತೋರಿಸಲಿಲ್ಲ" ಎಂದೆ.

"ಹಾಗಾ" ಎಂದು, ಬೀಡಿಯ ಕಟ್ಟು ನೆನೆಯದಂತೆ ಸೆರಗಿನಲ್ಲಿ ಮುಚ್ಚಿಕೊಂಡು, ಮಳೆಗೆ ಇಳಿದಳು.