ಕೇರಿಯ ಶೀಲ್ಡು ಎಲ್ಲಿಡಬೇಕು?



ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿಗೂ ಮಿಕ್ಕಿ ಉದ್ದದ ಒಂದೇ ಕಲ್ಲಿದೆ. ಅದರ ಮೈಮೇಲೆ 1294ರ ಶಾಸನ. ಕೋಟೆ ಕಟ್ಟಿಸಿದ ಗೋರೆ ಗನ್ನಯ್ಯ ರೆಡ್ಡಿಯ ಹೆಸರು ಅದರಲ್ಲಿದೆ, ಕಟ್ಟಿಸುವ ಉಸ್ತುವಾರಿ ಹೊತ್ತ ವಿಠ್ಠಲನ ಹೆಸರಿದೆ. ಆ ಕಲ್ಲನ್ನು ಬಂಡಿಗೆ ಹೇರಿ, ಕೋಣಗಳ ಉದ್ದಸಾಲು ಕಟ್ಟಿ ಎಳೆತಂದ ಚಿತ್ರವನ್ನೂ ಕೆತ್ತಿದ್ದಾರೆ. ಕೋಣ ಹೊಡೆದವರು ಚಿತ್ರದಲ್ಲಿದ್ದಾರೆ, ಅಕ್ಷರದಲ್ಲಿಲ್ಲ. ಏಳುನೂರು ವರ್ಷಗಳಿಂದ ಈ ಊರಿನ ಮೇಷ್ಟ್ರುಗಳು ಮಕ್ಕಳಿಗೆ ಗನ್ನಯ್ಯನನ್ನೇ ಓದಿಸುತ್ತ ಬಂದಿದ್ದಾರೆ. ನಾವೂ ಓದಿಸಿದ್ದೇವೆ, ಸುಳ್ಳೇಕೆ ಹೇಳಬೇಕು.

ಅಲ್ಲೇ ನವರಂಗ ದರವಾಜದಲ್ಲಿ ಸರ್ಕಾರ ಹಳೆಯ ಶಿಲ್ಪಗಳನ್ನು ತಂದು ಕೂಡಿಸಿತು. ದೇವರು, ದಂಡನಾಯಕ, ವೀರಗಲ್ಲು. ಮ್ಯೂಜಿಯಮ್ಮು ಅಂದರೆ ಇದೇ ಎಂದು ನಾವು ನಂಬಿದ್ದೆವು. ಒಂದು ಧರಣಿಗೆಂದು ಬೆಂಗಳೂರಿಗೆ ಹೋದಾಗ ಈ ನಂಬಿಕೆಗೆ ಪೆಟ್ಟು ಬಿತ್ತು. ರಾಯಚೂರಿನ ಇಬ್ಬರು, ದೇವದುರ್ಗದ ಒಬ್ಬರು, ಮಾನ್ವಿಯ ಮೇಷ್ಟ್ರೊಬ್ಬರು, ನಾವು ನಾಲ್ವರೂ ಹಲಸೂರಿನ ಮಗ್ಗುಲಿನ ಗೌತಮಪುರಕ್ಕೆ ಹೋದೆವು. ದುಡಿಯುವ ಜನರ ಕೇರಿ. ಅಲ್ಲಿ ಬುದ್ಧ, ಬಾಬಾಸಾಹೇಬ, ಮದರ್ ತೆರೇಸಾ ಮೂವರ ಜೊತೆ ಇನ್ನೊಬ್ಬ ನಿಂತಿದ್ದಾನೆ: ಫುಟ್ಬಾಲಿನ ಪೆಲೆ! ಆ ಕೇರಿಯ ಹುಡುಗರು ಓಣಿಯಲ್ಲೇ ಚೆಂಡು ಒದ್ದು ಬೆಳೆದವರು. ತಮ್ಮ ಆಟಕ್ಕೆ ತಾವೇ ಗುರುತು ನಿಲ್ಲಿಸಿಕೊಂಡಿದ್ದಾರೆ. ಗೋಡೆಯಿಲ್ಲ, ಟಿಕೀಟಿಲ್ಲ, ಆದರೂ ಅದು ಮ್ಯೂಜಿಯಮ್ಮೇ.

ಮಾನ್ವಿಯ ಮೇಷ್ಟ್ರು ನಕ್ಕರು. "ಬ್ರೆಜಿಲ್‌ನವನಿಗೂ ನಮಗೂ ಏನ್ರೀ ಸಂಬಂಧ? ಬಾಬಾಸಾಹೇಬರ ಮಗ್ಗಲದಾಗ ಚೆಂಡಾಡೋನು ಯಾಕ ಬೇಕು?"

ಸಂಬಂಧ ಇದೆ. 1923ರಲ್ಲಿ ರಿಯೊ ನಗರದ ವಾಸ್ಕೊ ಡ ಗಾಮ ಎಂಬ ಕ್ಲಬ್ಬು ಕರಿಯರನ್ನು, ಬಡಗೂಲಿಗಳನ್ನು ಕಟ್ಟಿಕೊಂಡು ಆಡಿ ಶ್ರೀಮಂತರ ಕ್ಲಬ್ಬುಗಳನ್ನೆಲ್ಲ ಸೋಲಿಸಿತು. ಮರುವರ್ಷ ಸೋತವರು ಬೇರೆಯೇ ಸಂಘ ಕಟ್ಟಿಕೊಂಡು, ನಿಮ್ಮ 12 ಆಟಗಾರರನ್ನು ಕೈಬಿಟ್ಟರೆ ಮಾತ್ರ ಒಳಗೆ ಬನ್ನಿ ಅಂದರು. ಅವರಿಗೆ ತಕ್ಕ ಉದ್ಯೋಗವಿಲ್ಲವಂತೆ, ಓದುಬರಹವಿಲ್ಲವಂತೆ. ಮಡಿಯ ಭಾಷೆ ಎಲ್ಲ ದೇಶದಲ್ಲೂ ಒಂದೇ ನೋಡಿ! ವಾಸ್ಕೊ ಆಗುವುದಿಲ್ಲವೆಂದು ಕಾಗದ ಬರೆಯಿತು. 1927ರಲ್ಲಿ ಅಭಿಮಾನಿಗಳ ವಂತಿಗೆಯಿಂದ ತನ್ನದೇ ಕ್ರೀಡಾಂಗಣ ಕಟ್ಟಿತು. ಚಿಂದಿ ತುಂಬಿದ ಕಾಲುಚೀಲವನ್ನೇ ಚೆಂಡು ಮಾಡಿಕೊಂಡಿದ್ದ ಪೆಲೆ ಆಮೇಲೆ ಬಂದ. ಅವನಿಗೆ ಅಂಗಳದ ಬಾಗಿಲು ತೆರೆದವರು ಅವರು.

ನಮ್ಮ ನಾಡಿನದೂ ಹೇಳೋಣ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಿತು. ಭಾರತೀಯರ ತಂಡವೊಂದು ಅದನ್ನು ಗೆದ್ದದ್ದು ಅದೇ ಮೊದಲು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಬಹುಪಾಲು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸಿಗೆ ಹೊಡೆದ ಒಂದೇ ಗೋಲು ಮೈಸೂರಿನ ಸಾರಂಗಪಾಣಿ ರಾಮನ್ ಅವರದು. 2023ರಲ್ಲಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ನಮ್ಮ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಗೊತ್ತು? ಅದಿರಲಿ, ಪಲ್ವಾಂಕರ್ ಬಾಲೂ ಯಾರೆಂದು ಎಷ್ಟು ಮೇಷ್ಟ್ರುಗಳಿಗೆ ಗೊತ್ತು? 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚಮ್ಮಾರರ ಮಗ. ಪುಣೆಯಲ್ಲಿ ಗೋರಾಗಳ ಕ್ಲಬ್ಬಿನ ಅಂಗಳ ನೋಡಿಕೊಳ್ಳಲು ತಿಂಗಳಿಗೆ 4 ರೂಪಾಯಿ. ಹಿಂದೂ ತಂಡಕ್ಕೆ ಅವರ ಬೌಲಿಂಗು ಬೇಕಿತ್ತು, ಆದರೆ ಚಹದ ಹೊತ್ತಿಗೆ ಅವರಿಗೆ ಹೊರಗೆ ಮಣ್ಣಿನ ಲೋಟ. 1911ರಲ್ಲಿ ಇಂಗ್ಲೆಂಡಿನಲ್ಲಿ 114 ವಿಕೆಟ್ ಕಿತ್ತು ಬಂದರೂ ನಾಯಕನಾಗಿಸಲಿಲ್ಲ. ತಮ್ಮ ವಿಠ್ಠಲ್ ನಾಯಕನಾಗಲು 1923 ಬರಬೇಕಾಯಿತು.

ನಮ್ಮ ಸೀಮೆಯಲ್ಲಿ ಫುಟ್ಬಾಲು ಕಡಿಮೆ, ನಮ್ಮದು ಕಬಡ್ಡಿ. ಕಬಡ್ಡಿ ಅಂದರೇನು? ಮುಟ್ಟುವ ಆಟ. ಮುಟ್ಟಬೇಕು, ಕಾಲು ಹಿಡಿಯಬೇಕು, ಮೈಮೇಲೆ ಬಿದ್ದು ಕೆಡವಬೇಕು. ಮುಟ್ಟಿಸಿಕೊಳ್ಳದವರ ಊರಿನಲ್ಲಿ ಮುಟ್ಟುವ ಆಟ ಹೇಗೆ ಆಡುತ್ತಾರೆ ಎಂದು ನೋಡಬೇಕಾದರೆ ದೇವದುರ್ಗ ತಾಲೂಕಿನ ನಮ್ಮ ಗೆಳೆಯನ ಕೇರಿಗೆ ಬನ್ನಿ. ಅಲ್ಲಿ ಒಬ್ಬ ಮುದುಕರ ಮನೆಯಲ್ಲಿ, ಜೋಳದ ಚೀಲದ ಹಿಂದೆ, ಗೋಣಿತಟ್ಟಿನಲ್ಲಿ ಸುತ್ತಿಟ್ಟ ಒಂದು ಶೀಲ್ಡಿದೆ. ಕೇರಿಯ ತಂಡ ಫೈನಲ್ಲಿಗೆ ಬಂದಿತ್ತು. ಎದುರಿನ ಊರಗೇರಿಯ ತಂಡ ಅಂಗಳಕ್ಕೇ ಇಳಿಯಲಿಲ್ಲ. ಪುಸ್ತಕದಲ್ಲಿ ಬರೆದದ್ದು ಒಂದೇ ಮಾತು: ವಾಕೋವರ್. ಕಾರಣದ ಜಾಗ ಖಾಲಿ. ಬಹುಮಾನ ಕೊಟ್ಟ ದೊಡ್ಡವರು ಶೀಲ್ಡನ್ನು ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟು "ತಗೋರಿ" ಅಂದರು. ಆ ತಂಡದ ಹುಡುಗರಲ್ಲಿ ಕೆಲವರು ಗುಳೆ ಹೋದರು, ಕೆಲವರು ತೀರಿಹೋದರು.

ನಮ್ಮ ಸಂಗಾತಿಗಳೇ ಹೇಳುತ್ತಾರೆ: ಭೂಮಿ ಕೇಳುವ ಹೊತ್ತಿನಲ್ಲಿ, ಕೂಲಿ ಕೇಳುವ ಹೊತ್ತಿನಲ್ಲಿ ಶೀಲ್ಡು ಪಾಲ್ಡು ಯಾಕೆ? ಹೊಟ್ಟೆ ತುಂಬಿದವರ ಚಟ ಇದು. ಅಲ್ಲ ಗೆಳೆಯರೇ. ಹೊಟ್ಟೆ ತುಂಬಿದವರು ಯಾವ ಚಟವನ್ನೂ ನಮಗಾಗಿ ಬಿಟ್ಟಿಲ್ಲ. ಅವರ ತಾತನ ಕತ್ತಿ, ಮುತ್ತಾತನ ಪಗಡಿ ಗಾಜಿನ ಪೆಟ್ಟಿಗೆಯಲ್ಲಿವೆ. ನಾಳೆ ನಮ್ಮ ಮಕ್ಕಳು "ನಮ್ಮವರು ಏನು ಮಾಡಿದರು?" ಎಂದು ಕೇಳಿದರೆ ಗೋಣಿತಟ್ಟು ತೋರಿಸುತ್ತೀರಾ?

ಊರೂರಿಗೆ ಅಂಬೇಡ್ಕರ್ ಭವನ ಎದ್ದಿವೆ. ನಾವು ಕಂಡ ಒಂದರಲ್ಲಿ ಸಿಮೆಂಟಿನ ಚೀಲ, ಇನ್ನೊಂದಕ್ಕೆ ಬೀಗ. ಬೀಗ ತೆಗೆಸಿರಿ. ಒಂದು ಕೋಣೆ ಸಾಕು, ಒಂದು ಕಪಾಟು ಸಾಕು. ತಮಟೆ ಇಡಿ, ಹರಿದ ಜರ್ಸಿ ಇಡಿ, ತಂಡದ ಮಸುಕು ಫೋಟೋ ಇಟ್ಟು ಒಬ್ಬೊಬ್ಬರ ಹೆಸರನ್ನೂ ಬರೆಯಿರಿ, ತಾಯಿಯ ಹೆಸರಿನೊಡನೆ. ವಿದ್ಯಾರ್ಥಿಗಳು ಮುದುಕರ ಮಾತು ಬರೆದುಕೊಳ್ಳಲಿ. ಸರ್ಕಾರದ ಅನುದಾನ ಬಂದಮೇಲೆ ನೋಡೋಣ ಅಂದರೆ ಅಷ್ಟರೊಳಗೆ ಹೇಳುವವರೇ ಇರುವುದಿಲ್ಲ.

ಬೆಂಗಳೂರಿನಿಂದ ಬಂದ ವಾರವೇ ಆ ಮುದುಕರ ಹತ್ತಿರ ಹೋಗಿ ಶೀಲ್ಡು ಕೇಳಿದೆವು. ಅವರು ತಟ್ಟು ಬಿಚ್ಚಿ, ಪಂಜೆಯಿಂದ ಒರೆಸಿ, ಕೊಡದೆ ಕೈಯಲ್ಲೇ ಹಿಡಿದುಕೊಂಡು ಕೂತರು.

"ಒಯ್ಯಿರಪಾ, ಮಳಿ ಬಂದ್ರ ನಮ್ಮ ಮನಿ ಸೋರ್ತದ. ಆದ್ರ ಒಂದು ಮಾತು. ಕೆಳಗ ಚೀಟಿ ಹಚ್ಚತೀರಲ್ಲ, ಅದರಾಗ ಬರೇ ಗೆದ್ದಾರ ಅಂತ ಬರೀತೀರೋ, ಅವರು ಯಾಕ ಆಡಲಿಲ್ಲ ಅಂತನೂ ಬರೀತೀರೋ?"

ಬರೆಯುತ್ತೇವೆ ಅಂದೆವು. ಆಗ ಕೊಟ್ಟರು, ನಮ್ಮ ಕೈಗೆ.