ನೇರ ಸಿಂಚನದ ಜಮಾ-ಖರ್ಚು

ಪೆಟ್ರೋಲ್ ಕಾರಿನ ಜಾಹೀರಾತಿನಲ್ಲಿ ‘ಜಿ.ಡಿ.ಐ.’ ಎಂಬ ಮೂರಕ್ಷರ ಕಂಡರೆ, ಅದೇನೋ ದೊಡ್ಡದೇ ಇರಬೇಕು ಅಂತ ನಮ್ಮ ಜನ ನಂಬಿಬಿಡುತ್ತಾರೆ. ಗೆಳೆಯರೆ, ಬಿ.ಕಾಂ. ಓದುವ ನಾವಾದರೂ ನಂಬುವ ಮೊದಲು ಜಮಾ-ಖರ್ಚು ಬರೆದು ನೋಡಬೇಡವೆ?

ಸಾಮಾನ್ಯ ಇಂಜಿನ್ನಿನಲ್ಲಿ ಗಾಳಿ ಒಳಬರುವ ದಾರಿಯಲ್ಲೇ ಪೆಟ್ರೋಲ್ ಸಿಂಪಡಿಸುತ್ತಾರೆ. ನೇರ ಸಿಂಚನದಲ್ಲಿ ಅದು ಭಾರಿ ಒತ್ತಡದಿಂದ ಸಿಲಿಂಡರಿನೊಳಕ್ಕೇ ಚಿಮ್ಮುತ್ತದೆ. ಇದು ಹೊಸ ವಿದ್ಯೆಯೇನಲ್ಲ. 1954ರ ಮರ್ಸಿಡಿಸ್ 300 ಎಸ್.ಎಲ್. ಕಾರಿನಲ್ಲೇ ಇತ್ತು, 1996ರಲ್ಲಿ ಮಿತ್ಸುಬಿಷಿಯವರು ಎಲೆಕ್ಟ್ರಾನಿಕ್ ನಿಯಂತ್ರಣದೊಡನೆ ಮತ್ತೆ ತಂದರು. ನಮ್ಮ ಚೆನ್ನೈ ಸುತ್ತಲೇ ತಯಾರಾದ ಫೋರ್ಡ್ ಇಕೋಸ್ಪೋರ್ಟ್ (2013), ಹ್ಯುಂಡೈ ವೆನ್ಯೂ (2019) ಕಾರುಗಳ ಕೆಲವು ಮಾದರಿಗಳಲ್ಲೂ ಬಂತು.

ಮೊದಲು ಜಮಾ. ಒಳಗೆ ಚಿಮ್ಮಿದ ಪೆಟ್ರೋಲ್ ಆವಿಯಾಗುವಾಗ ಅಲ್ಲಿನ ಗಾಳಿಯನ್ನು ತಂಪು ಮಾಡುತ್ತದೆ. ಆದ್ದರಿಂದ ಗಾಳಿಯನ್ನು ಇನ್ನಷ್ಟು ಒತ್ತಿದರೂ ಇಂಜಿನ್ ಬಡಿದುಕೊಳ್ಳುವುದಿಲ್ಲ. ಚಿಕ್ಕ ಇಂಜಿನ್ನಿಗೂ ಒಳ್ಳೆ ಎಳೆತ, ಇಂಧನವೂ ಉಳಿತಾಯ.

ಇನ್ನು ಖರ್ಚು. ಅಷ್ಟು ಒತ್ತಡದ ಪಂಪು, ಇಂಜೆಕ್ಟರು ಎರಡೂ ದುಬಾರಿ. ಹಳೇ ಪದ್ಧತಿಯಲ್ಲಿ ಪೆಟ್ರೋಲೇ ವಾಲ್ವನ್ನು ತೊಳೆಯುತ್ತಿತ್ತು. ಇಲ್ಲಿ ತೊಳೆಯುವವರಿಲ್ಲ, ಆಯಿಲ್ ಆವಿ ಕೂತು ಕರಿಗಟ್ಟುತ್ತದೆ. ಅದನ್ನು ಕೆರೆದು ತೆಗೆಸುವ ಬಿಲ್ಲು ವರ್ಷಗಳ ಮೇಲೆ, ಎಷ್ಟೋ ಸಲ ಎರಡನೇ ಮಾಲೀಕನ ಕೈಗೆ ಬರುತ್ತೆ!

ಒಂದು ಲೆಕ್ಕ ಹಾಕೋಣ. ವರ್ಷಕ್ಕೆ 6,000 ಕಿ.ಮೀ. ಓಡಿಸುವವರಿಗೆ ಲೀಟರಿಗೆ 15ರಂತೆ 400 ಲೀಟರ್ ಬೇಕು. ಹತ್ತರಲ್ಲೊಂದು ಪಾಲು ಉಳಿಯಿತೆನ್ನಿ: 40 ಲೀಟರ್. ಲೀಟರಿಗೆ 100 ರೂಪಾಯಿ ಹಿಡಿದರೆ 4,000. ಕಾರಿಗೆ 50,000 ಹೆಚ್ಚು ಕೊಟ್ಟಿದ್ದರೆ, ಅಸಲು ಹುಟ್ಟೋಕೆ ಹನ್ನೆರಡೂವರೆ ವರ್ಷ! ವಾರವಾರ ಬೆಂಗಳೂರಿಗೆ ಹೋಗಿಬರುವವರಿಗೆ ಲಾಭವಿದ್ದೀತು. ವೇಲಚೇರಿಯ ವಿಜಯನಗರ ಬಸ್ ನಿಲ್ದಾಣದ ಮುಂದೆ ತೆವಳುವ ಕಾರಿಗೆ ಏನು ಲಾಭ?

ಇನ್ನೊಂದು ಖರ್ಚು ಕಾರಿನವರ ಪುಸ್ತಕಕ್ಕೆ ಬರುವುದೇ ಇಲ್ಲ. ಪೆಟ್ರೋಲ್ ಗಾಳಿಯೊಡನೆ ಪೂರಾ ಬೆರೆಯಲು ಸಮಯ ಸಾಲದೆ, ಕಣ್ಣಿಗೆ ಕಾಣದಷ್ಟು ಸಣ್ಣ ಮಸಿಯ ಕಣಗಳು ಹೊರಬೀಳುತ್ತವೆ. ಅದಕ್ಕೇ 2020ರ ಬಿ.ಎಸ್. 6 ನಿಯಮ, ಪೆಟ್ರೋಲ್ ಇಂಜಿನ್ನುಗಳ ಪೈಕಿ ನೇರ ಸಿಂಚನದವಕ್ಕೆ ಮಾತ್ರ ಕಣಗಳ ಎಣಿಕೆಗೂ ಮಿತಿ ಹಾಕಿತು. ಮಿತಿಯೊಳಗಿದ್ದರೂ ಉಳಿದ ಮಸಿ ಯಾರ ಖಾತೆಗೆ? ಬಸ್ಸಿಗೆ ಕಾಯುತ್ತ ನಿಂತ ನಮ್ಮ ನಿಮ್ಮ ಶ್ವಾಸಕೋಶದ ಖಾತೆಗೆ.

ವಿದ್ಯೆ ಒಳ್ಳೆಯದೇ, ಬೇಡವೆನ್ನುವುದಿಲ್ಲ. ಮಸಿ ಸೋಸುವ ಫಿಲ್ಟರನ್ನೂ ಸೇರಿಸಿ ಮಾರಲಿ, ಅದರ ಬೆಲೆ ಕೊಳ್ಳುವವರೇ ಕೊಡಲಿ. ಲಾಭ ಒಬ್ಬರ ಜೇಬಿಗೆ, ನಷ್ಟ ಊರಿನ ತಲೆಗೆ ಬರೆಯುವ ಲೆಕ್ಕವನ್ನು ವಾಣಿಜ್ಯದ ವಿದ್ಯಾರ್ಥಿ ಒಪ್ಪಬಾರದು.