18 ವರ್ಷ ಹಿಡಿದ ಉತ್ತರ

ಸಾರ್ವಜನಿಕ ಹಣದಿಂದ ನಡೆಯುವ ಸಂಶೋಧನೆ ಎಷ್ಟು ವರ್ಷದಲ್ಲಿ ಫಲ ಕೊಡಬೇಕು? ಅರ್ಥಶಾಸ್ತ್ರ ಓದಿ, ಆಡಳಿತ ಸೇವೆಯಲ್ಲಿ ಕಡತಗಳ ನಡುವೆ ದಶಕಗಳನ್ನು ಕಳೆದ ನನ್ನಂಥವರಿಗೆ ಇದು ಹಳೆಯ ಪ್ರಶ್ನೆ. ಇದಕ್ಕೆ ತಕ್ಕ ನಿದರ್ಶನವೊಂದು ಭೌತವಿಜ್ಞಾನದಲ್ಲಿದೆ.

ಕಾಂತೀಯ ವಸ್ತುವನ್ನು ತಣಿಸಿದಾಗ ಅದರ ಎಲೆಕ್ಟ್ರಾನುಗಳ ‘ಸ್ಪಿನ್’ಗಳು, ಅಂದರೆ ಅತಿಸೂಕ್ಷ್ಮ ಕಾಂತಸೂಜಿಗಳು, ಸಾಮಾನ್ಯವಾಗಿ ಒಂದು ಕ್ರಮಕ್ಕೆ ಬಂದು ನಿಲ್ಲುತ್ತವೆ. ಆದರೆ ಪ್ರತಿಯೊಂದೂ ನೆರೆಯದಕ್ಕೆ ವಿರುದ್ಧ ದಿಕ್ಕಿಗೆ ತಿರುಗಬೇಕೆಂಬ ಒತ್ತಡವಿದ್ದು, ಅವು ತ್ರಿಕೋನದ ಮೂಲೆಗಳಲ್ಲಿದ್ದರೆ? ಎರಡು ಹೊಂದಿಕೊಂಡರೂ ಮೂರನೆಯದು ಅತಂತ್ರ. (ಸಮ್ಮಿಶ್ರ ಸರ್ಕಾರಗಳನ್ನು ಕಂಡವರಿಗೆ ಹೆಚ್ಚಿನ ವಿವರಣೆ ಬೇಕಾಗದು.) ಇಂಥ ಜಾಲದಲ್ಲಿ ಸ್ಪಿನ್‌ಗಳು ಎಷ್ಟು ತಣಿಸಿದರೂ ಹೆಪ್ಪುಗಟ್ಟದೆ ದ್ರವದಂತೆ ಉಳಿಯಬಹುದೆಂದು ಫಿಲಿಪ್ ಆಂಡರ್ಸನ್ 1973ರಲ್ಲಿ ಸೂಚಿಸಿದರು. ಇದೇ ಕ್ವಾಂಟಮ್ ಸ್ಪಿನ್ ದ್ರವ.

ಮೂವತ್ತು ವರ್ಷಗಳ ಬಳಿಕ, 2003ರಲ್ಲಿ, ಟೋಕಿಯೊದ ಕಝುಶಿ ಕನೋಡಾ ಅವರ ತಂಡ ಒಂದು ಸಾವಯವ ಹರಳನ್ನು ಮುಂದಿಟ್ಟಿತು. ಪರಮಶೂನ್ಯಕ್ಕಿಂತ ಕೇವಲ 0.032 ಡಿಗ್ರಿ ಮೇಲಿನವರೆಗೆ ತಣಿಸಿದರೂ ಅದರಲ್ಲಿ ಕಾಂತೀಯ ಕ್ರಮ ಕಾಣಲಿಲ್ಲ. ಸ್ಪಿನ್‌ಗಳನ್ನು ಕದಲಿಸಲು ಎಷ್ಟು ಅಲ್ಪ ಶಕ್ತಿಯಾದರೂ ಸಾಕೆಂದು 2008ರ ಉಷ್ಣಧಾರಣೆಯ ಅಳತೆ ಹೇಳಿತು. ಸಾಲದೆಂದು 2009ರ ಉಷ್ಣವಹನದ ಅಳತೆ ಹೇಳಿತು. 2010ರಲ್ಲಿ, ಪೆಲ್ಲಾಡಿಯಂ ಇರುವ ಇನ್ನೊಂದು ಸಾವಯವ ಹರಳು ವಿದ್ಯುತ್ತನ್ನು ಸಾಗಿಸದಿದ್ದರೂ ಶಾಖವನ್ನು ಲೋಹದ ರೀತಿಯಲ್ಲಿ ಸಾಗಿಸುತ್ತದೆಂಬ ವರದಿ ಬಂತು. 2019ರಲ್ಲಿ ಕೆನಡಾ ಮತ್ತು ಚೀನಾದ ಪ್ರಯೋಗಾಲಯಗಳಿಗೆ ಅದು ಕಾಣಲೇ ಇಲ್ಲ. ಹರಳನ್ನು ತಣಿಸುವ ವೇಗವೇ ಫಲಿತಾಂಶವನ್ನು ಬದಲಿಸುತ್ತದೆ ಎಂದರು ಜಪಾನೀಯರು. ಕೊನೆಗೆ 2021ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ತಂಡ, ಮೊದಲ ಹರಳಿನ ಸ್ಪಿನ್‌ಗಳು ಸುಮಾರು 6 ಕೆಲ್ವಿನ್‌ಗಿಂತ ಕೆಳಗೆ ಜೋಡಿಗಟ್ಟುತ್ತವೆ ಎಂದು ತೋರಿಸಿತು. ಎಲ್ಲರೂ ನಂಬಿದ್ದಂಥ ದ್ರವ ಅದಲ್ಲ.

ಹಾಗಾದರೆ ಹಣ ಪೋಲಾಯಿತೇ? ಇಲ್ಲವೆಂಬುದೇ ನನ್ನ ಖಚಿತ ಅಭಿಪ್ರಾಯ. ಹರಳಿನ ದೋಷ, ತಣಿಸುವ ವೇಗ, ಅಳತೆಯ ವಿಧಾನ ಇವೆಲ್ಲ ಎಷ್ಟು ನಿರ್ಣಾಯಕವೆಂದು ತಿಳಿದದ್ದು ಆ ಜಗಳದಿಂದಲೇ.

ಭಾರತದಲ್ಲಿ 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮಂಜೂರಾಯಿತು. ಎಂಟು ವರ್ಷಗಳಲ್ಲಿ 50ರಿಂದ 1,000 ಕ್ಯುಬಿಟ್‌ಗಳ ಕಂಪ್ಯೂಟರ್ ಅದರ ಗುರಿಗಳಲ್ಲೊಂದು. ಕ್ವಾಂಟಮ್ ವಸ್ತುಗಳಿಗಾಗಿಯೇ ದೆಹಲಿಯ ಐಐಟಿಯಲ್ಲಿ ಒಂದು ಕೇಂದ್ರವೂ ಇದೆ, ಸಂತೋಷ. ಆದರೆ ಬೇರೆಯವರು ಅಳೆದ ಹರಳನ್ನೇ ಮತ್ತೆ ಅಳೆಯಲು ಹಣವೇಕೆಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದರೆ ಉತ್ತರಿಸುವವರು ಯಾರು? ಇಂಥ ಮರುಪರೀಕ್ಷೆಗೆಂದೇ ಅನುದಾನದ ಒಂದು ಪಾಲನ್ನು ತೆಗೆದಿರಿಸಬೇಕು. ‘ಕಾಣಲಿಲ್ಲ’ ಎಂಬ ವರದಿಗೂ ಹಣ ಬಳಕೆ ಪ್ರಮಾಣಪತ್ರದಲ್ಲಿ ಒಂದು ಕಲಮಿರಬೇಕು.